ಮೂಗು ನಾಯಿಯದು, ಮಾತು ಯಾರದು?

ಮಾದಕ ವಸ್ತು ಪ್ರಕರಣಗಳ ಮಹಜರುಗಳನ್ನು, ಅಂದರೆ ಸ್ಥಳದಲ್ಲೇ ಬರೆಯುವ ಜಪ್ತಿ ಪತ್ರಗಳನ್ನು, ನೀವೆಲ್ಲ ಓದಿದ್ದೀರಿ. ಕಿರಿಯ ವಕೀಲರಲ್ಲಿ ಯಾರಾದರೂ ಓದಿಲ್ಲದಿದ್ದರೆ ಈ ವರ್ಷವೇ ಓದುತ್ತೀರಿ. ಪಂಚರ ಹೆಸರು, ತೂಕದ ಯಂತ್ರ, ಅರಗಿನ ಮೊಹರು, ಮಾದರಿ ತೆಗೆದ ಪೊಟ್ಟಣಗಳ ಗುರುತು ಎಲ್ಲವೂ ಪುಟಗಟ್ಟಲೆ ಇರುತ್ತವೆ. ನಡುವೆ ಎಲ್ಲೋ ಒಂದು ಸಾಲು: "ಶ್ವಾನವು ಸದರಿ ಚೀಲದ ಬಳಿ ಕುಳಿತು ಸೂಚನೆ ನೀಡಿರುತ್ತದೆ." ಅಷ್ಟೇ. ಆ ನಾಯಿಯ ಹೆಸರೇನು, ಅದು ಏನೇನು ವಾಸನೆ ಕಲಿತಿದೆ, ಕಳೆದ ತಿಂಗಳು ಎಷ್ಟು ಚೀಲಗಳ ಬಳಿ ಕುಳಿತಿತ್ತು, ಅವುಗಳಲ್ಲಿ ಎಷ್ಟರಲ್ಲಿ ಏನೂ ಸಿಗಲಿಲ್ಲ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ನಾವೂ ಕೇಳುವುದಿಲ್ಲ. ಮಾಲು ಸಿಕ್ಕ ಮೇಲೆ ನಾಯಿಯ ಮಾತೇಕೆ ಎಂದು ಸುಮ್ಮನಾಗುತ್ತೇವೆ. ಇವತ್ತು ನಾನು ಆ ಒಂದು ಸಾಲಿನ ಬಗ್ಗೆ ಮಾತ್ರ ಮಾತನಾಡುತ್ತೇನೆ.

ನಾನು ನಾಯಿಯ ವಿರುದ್ಧ ವಕಾಲತ್ತು ಹಾಕಿಕೊಂಡು ಬಂದವನಲ್ಲ. ನಮ್ಮ ಮನೆಯಲ್ಲೂ ಒಂದು ನಾಯಿ ಇದೆ. ನಾನು ಗೇಟು ತಲುಪುವ ಮೊದಲೇ ಚೀಲದಲ್ಲಿ ಬನ್ನು ಇದೆಯೋ ಬರೀ ಕಡತ ಇದೆಯೋ ಎಂದು ಅದಕ್ಕೆ ತಿಳಿದಿರುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ ಎನ್ನುತ್ತಾರೆ, ನಾಯಿಗೆ 20ರಿಂದ 30 ಕೋಟಿ. ಮೂಸುವಾಗ ಅದು ಸೆಕೆಂಡಿಗೆ ಐದು ಸಲ ಗಾಳಿ ಎಳೆಯುತ್ತದೆ. ಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೊರಹೋಗುವುದರಿಂದ ಎದುರಿನ ವಾಸನೆ ಚದುರುವುದಿಲ್ಲ. ಇಂಥ ಯಂತ್ರವನ್ನು ಯಾರೂ ಇನ್ನೂ ಮಾಡಿಲ್ಲ. ಹಾಗಾಗಿ ಮೂಗಿನ ಬಗ್ಗೆ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಮೈದಾನದಲ್ಲಿ ಬೆಳಗಿನ ಹೊತ್ತು ನಿಂತು ನೋಡುವ ಅವಕಾಶ ಸಿಕ್ಕಿತ್ತು. ಯಾವ ಊರು, ಯಾರ ಮೈದಾನ ಎಂಬುದು ಬೇಡ. ಹುಲ್ಲಿನ ಮೇಲೆ ಸಾಲಾಗಿ ಆರು ಮರದ ಪೆಟ್ಟಿಗೆಗಳು, ಪ್ರತಿಯೊಂದರ ಮುಚ್ಚಳದಲ್ಲಿ ನಾಣ್ಯದಷ್ಟು ಅಗಲದ ಒಂದು ತೂತು. ಹೆಣ್ಣು ಲ್ಯಾಬ್ರಡಾರ್, ಎರಡು ವರ್ಷದ್ದಿರಬೇಕು. ಅದರ ಹ್ಯಾಂಡ್ಲರ್ ಒಬ್ಬ ಹೆಡ್ ಕಾನ್‌ಸ್ಟೆಬಲ್, ಎಡಗೈಯಲ್ಲಿ ಹಗ್ಗ, ಬಲಗೈ ಬೆನ್ನ ಹಿಂದೆ. ನಾಯಿ ತೂತಿನಿಂದ ತೂತಿಗೆ ಮೂಗು ತಾಗಿಸುತ್ತಾ ನಡೆಯಿತು. ನಾಲ್ಕನೆಯದನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿದ್ದದ್ದು, ಯಾರೋ ಕತ್ತು ಹಿಡಿದು ಎಳೆದಂತೆ ಹಿಂದಕ್ಕೆ ತಿರುಗಿತು. ಬಾಲದ ಓಲಾಟ ನಿಂತಿತು. ಬಾಯಿ ಮುಚ್ಚಿತು. ಕುಳಿತುಬಿಟ್ಟಿತು. ಹ್ಯಾಂಡ್ಲರ್ ಬೆನ್ನ ಹಿಂದಿನ ಕೈಯಿಂದ ಸುರುಳಿ ಸುತ್ತಿದ ಹಳೆಯ ಟವೆಲೊಂದನ್ನು ಎಸೆದ. ಅದನ್ನು ಕಚ್ಚಿ ಎಳೆದಾಡಿಕೊಂಡು ನಾಯಿ ಹಬ್ಬ ಮಾಡಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ನಾಯಿ ಗಾಂಜಾ ಹುಡುಕುತ್ತಿಲ್ಲ, ಟವೆಲು ಹುಡುಕುತ್ತಿದೆ. ಇಂಥ ವಾಸನೆ ಬಂದ ಕಡೆ ಕುಳಿತರೆ ಟವೆಲು ಸಿಗುತ್ತದೆ ಎಂಬುದಷ್ಟೇ ಅದರ ವಿದ್ಯೆ. ಅದಕ್ಕೆ ಅಪರಾಧ ಗೊತ್ತಿಲ್ಲ, ಕಾಯ್ದೆ ಗೊತ್ತಿಲ್ಲ, ಆ ವಸ್ತುವೂ ಗೊತ್ತಿಲ್ಲ. ಕೊಕೇನ್ ಕಲಿತ ನಾಯಿ ನಿಜವಾಗಿ ಹಿಡಿಯುವುದು ಕೊಕೇನ್ ಒಡೆದಾಗ ಹೊಮ್ಮುವ ಮೀಥೈಲ್ ಬೆಂಜೊಯೇಟ್ ಎಂಬ ಘಮವನ್ನು, ಅದು ಕೆಲವು ಹೂವುಗಳಲ್ಲೂ ಇರುತ್ತದೆ. ಹೆರಾಯಿನ್‌ನಿಂದ ಬರುವುದು ವಿನೆಗರ್‌ನ ಹುಳಿ ವಾಸನೆ. ವಸ್ತು ಕಣ್ಣ ಮುಂದಿಲ್ಲದಿದ್ದರೂ ವಾಸನೆ ಇರಬಹುದು. ನಿನ್ನೆ ಇತ್ತು, ಇವತ್ತು ಇಲ್ಲ, ವಾಸನೆ ಮಾತ್ರ ಉಳಿದಿದೆ. ನಾಯಿ ಹೇಳುವುದು "ಇಲ್ಲಿ ವಾಸನೆ ಇದೆ" ಎಂದು. "ಈತನ ಬಳಿ ಮಾಲಿದೆ" ಎಂದು ಅದನ್ನು ಅನುವಾದ ಮಾಡುವವರು ನಾವು.

ಈ ಅನುವಾದದ ಗೋಜಲು ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. 2006ರಲ್ಲಿ ಫ್ಲಾರಿಡಾದಲ್ಲಿ ನಂಬರ್ ಪ್ಲೇಟಿನ ಅವಧಿ ಮುಗಿದಿದ್ದ ಒಂದು ಟ್ರಕ್ಕನ್ನು ಪೊಲೀಸ್ ಅಧಿಕಾರಿ ನಿಲ್ಲಿಸುತ್ತಾನೆ. ಚಾಲಕ ಚಡಪಡಿಸುತ್ತಿದ್ದಾನೆ, ಶೋಧಕ್ಕೆ ಒಪ್ಪುವುದಿಲ್ಲ. ಅಧಿಕಾರಿಯ ಜೊತೆ ಅಲ್ಡೋ ಎಂಬ ನಾಯಿ ಇದೆ. ಅಲ್ಡೋ ಟ್ರಕ್ಕಿನ ಸುತ್ತ ಮೂಸಿ, ಚಾಲಕನ ಬಾಗಿಲಿನ ಹಿಡಿಯ ಬಳಿ ಸೂಚನೆ ಕೊಡುತ್ತದೆ. ಒಳಗೆ ಸಿಕ್ಕಿದ್ದೇನು? 200 ಸ್ಯೂಡೊಎಫಿಡ್ರಿನ್ ಮಾತ್ರೆಗಳು, 8,000 ಬೆಂಕಿಕಡ್ಡಿಗಳು, ಆಮ್ಲ, ಅಯೋಡಿನ್ ಹರಳು. ಇವೆಲ್ಲ ಮೆಥಾಂಫೆಟಮಿನ್ ಕಾಯಿಸುವ ಸಾಮಗ್ರಿ. ಆದರೆ ಅಲ್ಡೋ ಕಲಿತಿದ್ದ ವಾಸನೆಗಳ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ! ಚಾಲಕ ಜಾಮೀನಿನ ಮೇಲೆ ಹೊರಬಂದ ನಂತರ ಅದೇ ಅಧಿಕಾರಿ ಅದೇ ಟ್ರಕ್ಕನ್ನು ಮತ್ತೆ ನಿಲ್ಲಿಸಿದ. ಅಲ್ಡೋ ಮತ್ತೆ ಅದೇ ಹಿಡಿಯ ಬಳಿ ಸೂಚನೆ ಕೊಟ್ಟಿತು. ಆ ಸಲ ಏನೂ ಸಿಗಲಿಲ್ಲ.

ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ ಬೇರೆಯೇ. ಆ ಅಧಿಕಾರಿ ಅಲ್ಡೋ ರಸ್ತೆಯಲ್ಲಿ ಮಾಡಿದ ಕೆಲಸದ ದಾಖಲೆ ಇಟ್ಟಿದ್ದ. ಆದರೆ ಬಂಧನದಲ್ಲಿ ಮುಗಿದ ಸೂಚನೆಗಳದ್ದನ್ನು ಮಾತ್ರ. ನಾಯಿ ಕುಳಿತು, ಏನೂ ಸಿಗದೆ, ಚಾಲಕ ಬೈದುಕೊಂಡು ಹೊರಟುಹೋದ ದಿನಗಳ ಲೆಕ್ಕ ಇರಲಿಲ್ಲ. ಫ್ಲಾರಿಡಾ ರಾಜ್ಯದ ಸುಪ್ರೀಂ ಕೋರ್ಟು ಇದನ್ನೇ ಹಿಡಿದುಕೊಂಡಿತು: ರಸ್ತೆಯ ಕೆಲಸದ ಪೂರ್ತಿ ದಾಖಲೆ ತೋರಿಸದೆ ನಾಯಿಯನ್ನು ನಂಬಿ ಎಂದರೆ ಹೇಗೆ? 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ತರ್ಕ ಸರಳ. ರಸ್ತೆಯಲ್ಲಿ ನಾಯಿ ಕುಳಿತು ಏನೂ ಸಿಗದಿದ್ದರೆ ಅದು ತಪ್ಪು ಎಂದು ಹೇಗೆ ಹೇಳುತ್ತೀರಿ? ಹಳೆಯ ವಾಸನೆ ಇದ್ದಿರಬಹುದು. ತರಬೇತಿಯಲ್ಲಾದರೆ ಮಾಲು ಎಲ್ಲಿದೆ ಎಂದು ಗೊತ್ತಿರುತ್ತದೆ, ಆದ್ದರಿಂದ ತರಬೇತಿಯ ಫಲಿತಾಂಶವೇ ಹೆಚ್ಚು ನಂಬಬಹುದಾದದ್ದು.

ಓದಲು ಚೆನ್ನಾಗಿದೆ. ಆದರೆ ನಾವು ವಕೀಲರು, ಸ್ವಲ್ಪ ನಿಂತು ನಿಂತು ಓದಬೇಕು. ಮಾಲು ಸಿಕ್ಕಿದರೆ ನಾಯಿ ಸರಿ, ಸಿಗದಿದ್ದರೆ ಹಳೆಯ ವಾಸನೆ, ಆಗಲೂ ನಾಯಿ ಸರಿ. ಹಾಗಾದರೆ ನಾಯಿ ತಪ್ಪುವುದು ಯಾವಾಗ? ಯಾವ ಪರೀಕ್ಷೆಯಲ್ಲಿ ಅನುತ್ತೀರ್ಣನಾಗುವುದೇ ಸಾಧ್ಯವಿಲ್ಲವೋ ಆ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಬೆಲೆ ಎಷ್ಟು? ಇದೇ ನ್ಯಾಯಾಲಯದಲ್ಲಿ 2005ರಲ್ಲಿ ನ್ಯಾಯಮೂರ್ತಿ ಡೇವಿಡ್ ಸೂಟರ್ ತಮ್ಮ ಭಿನ್ನ ತೀರ್ಪಿನಲ್ಲಿ, ತಪ್ಪೇ ಮಾಡದ ನಾಯಿ ಕಾನೂನಿನ ಕಲ್ಪನೆಯಲ್ಲಿ ಮಾತ್ರ ಇರುವ ಪ್ರಾಣಿ ಎಂದಿದ್ದರು. ನಾನು ಸೂಟರ್ ಅವರ ಕಡೆ.

2015ರಲ್ಲಿ ಅಲ್ಲಿನ ಏಳನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ ಮುಂದೆ ಲೆಕ್ಸ್ ಎಂಬ ನಾಯಿ ಬಂದಿತ್ತು. ಲೆಕ್ಸ್‌ನ ದಾಖಲೆ ಇತ್ತು, ಅದೇ ಅದಕ್ಕೆ ಮುಳುವಾಯಿತು. ಕರೆದ ಸಲಗಳಲ್ಲಿ ನೂರಕ್ಕೆ 93 ಸಲ ಲೆಕ್ಸ್ ಸೂಚನೆ ಕೊಡುತ್ತಿತ್ತು. ಮಾಲು ಸಿಕ್ಕಿದ್ದು ನೂರಕ್ಕೆ 59.5 ಸಲ. ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚೇನೂ ಉತ್ತಮವಲ್ಲ ಎಂದು ನ್ಯಾಯಾಲಯವೇ ಗೊಣಗಿತು, ಗೊಣಗಿಯೂ ಶೋಧವನ್ನು ಎತ್ತಿಹಿಡಿಯಿತು. ಅದರ ಹ್ಯಾಂಡ್ಲರ್ ಒಪ್ಪಿಕೊಂಡ ಒಂದು ಮಾತನ್ನು ಗುರುತು ಹಾಕಿಕೊಳ್ಳಿ: ಸೂಚನೆ ಕೊಟ್ಟಾಗಲೆಲ್ಲ ಲೆಕ್ಸ್‌ಗೆ ಬಹುಮಾನ, ಮಾಲು ಸಿಗಲಿ ಬಿಡಲಿ. ಕುಳಿತರೆ ಟವೆಲು ಗ್ಯಾರಂಟಿ ಎಂದಾದರೆ ನಾನೂ ಕುಳಿತೇನು.

ಈಗ ಹಗ್ಗದ ಇನ್ನೊಂದು ತುದಿಗೆ ಬರೋಣ.

ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಕೋಲೆ ಬಸವ ಗೊತ್ತು. ಬೆನ್ನ ಮೇಲೆ ಬಣ್ಣದ ಕೌದಿ, ಕೊಂಬಿಗೆ ಗೊಂಡೆ, ಕೊರಳಿಗೆ ಗೆಜ್ಜೆ. "ಈ ಅಮ್ಮನ ಮಗನಿಗೆ ಮದುವೆ ಆಗುತ್ತದೆಯೇ ಬಸವಣ್ಣ?" ಎಂದು ಒಡೆಯ ಕೇಳುತ್ತಾನೆ, ಬಸವ ಹೌದೆಂದು ತಲೆಯಾಡಿಸುತ್ತದೆ. ನಮ್ಮಜ್ಜಿ ಅಕ್ಕಿ ಹಾಕುತ್ತಿದ್ದಳು. ಬಸವನಿಗೆ ಭವಿಷ್ಯ ಗೊತ್ತಿಲ್ಲ, ಒಡೆಯನ ದನಿಯ ಏರಿಳಿತ ಗೊತ್ತು ಎಂದು ಅಜ್ಜಿಗೂ ತಿಳಿದಿತ್ತು. ಅವಳು ಅಕ್ಕಿ ಹಾಕುತ್ತಿದ್ದದ್ದು ಆಟಕ್ಕೆ. ಕೋಲೆ ಬಸವನ ಒಡೆಯನಿಗೆ ತಾನು ಸನ್ನೆ ಮಾಡುತ್ತಿದ್ದೇನೆ ಎಂಬ ಅರಿವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿತ್ತಲ್ಲ, ಅದರ ಒಡೆಯ ಫಾನ್ ಓಸ್ಟನ್‌ಗೆ ಆ ಅರಿವೂ ಇರಲಿಲ್ಲ. ಅವನು ಪ್ರಾಮಾಣಿಕ. ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರಲ್ಲಿ ತಾಳ್ಮೆಯಿಂದ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು: ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿದ್ದರೆ ಮಾತ್ರ ಕುದುರೆಗೂ ಗೊತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವನ ತಲೆ ಕಾಣದಷ್ಟು ಅಲುಗುತ್ತಿತ್ತು, ಕುದುರೆ ಗೊರಸು ನಿಲ್ಲಿಸುತ್ತಿತ್ತು.

ನಾಯಿಯೋ ಸಾವಿರಾರು ವರ್ಷಗಳಿಂದ ನಮ್ಮ ಮುಖ ಓದಿಕೊಂಡೇ ಅನ್ನ ತಿಂದ ಪ್ರಾಣಿ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಲಿಸಾ ಲಿಟ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಚರ್ಚಿನ ನಾಲ್ಕು ಕೋಣೆಗಳು, ಕೆಲಸದಲ್ಲಿರುವ 18 ನಾಯಿ-ಹ್ಯಾಂಡ್ಲರ್ ಜೋಡಿಗಳು. ಪ್ರತಿ ಕೋಣೆಯಲ್ಲಿ ಮೂರರವರೆಗೆ ವಾಸನೆಯ ಗುರಿಗಳಿರಬಹುದು, ಕೆಲವು ಕಡೆ ಕೆಂಪು ಕಾಗದದ ಗುರುತಿರುತ್ತದೆ ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಎಲ್ಲೂ ಏನೂ ಇಟ್ಟಿರಲಿಲ್ಲ. ಮಾದಕ ವಸ್ತು ಇಲ್ಲ, ಸ್ಫೋಟಕ ಇಲ್ಲ. ನಾಯಿಯ ಚಿತ್ತ ಸೆಳೆಯಲು ಕೆಲವೆಡೆ ಸಾಸೇಜು ಮತ್ತು ಟೆನಿಸ್ ಚೆಂಡು ಮಾತ್ರ ಇತ್ತು. 144 ಸಲ ಶೋಧ ನಡೆಯಿತು. ಸರಿಯಾದ ಉತ್ತರ ಪ್ರತಿ ಸಲವೂ ಒಂದೇ: ಏನೂ ಇಲ್ಲ. ಬಂದ ಸೂಚನೆಗಳು 225! ಒಂದೂ ಸೂಚನೆ ಇಲ್ಲದೆ ಮುಗಿದ ಶೋಧ 21 ಮಾತ್ರ. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಸೂಚನೆಗಳು ಬಂದದ್ದು ಸಾಸೇಜು ಇದ್ದಲ್ಲಿ ಅಲ್ಲ, ಕೆಂಪು ಕಾಗದ ಇದ್ದಲ್ಲಿ. ನಾಯಿಗೆ ಕಾಗದದ ಅರ್ಥ ಗೊತ್ತಿಲ್ಲ. ಅರ್ಥ ಗೊತ್ತಿದ್ದದ್ದು ಹಗ್ಗ ಹಿಡಿದವರಿಗೆ.

ಇದು ಒಂದೇ ಪ್ರಯೋಗ, ಒಂದೇ ಊರಿನದು, ಪೊಲೀಸರು ಅದನ್ನು ಕಟುವಾಗಿ ಟೀಕಿಸಿದ್ದಾರೆ. ನಾಯಿ ಕುಳಿತಿತೆಂದು ಹೇಳಿದವರು ಹ್ಯಾಂಡ್ಲರ್‌ಗಳೇ ಆದ್ದರಿಂದ ನಾಯಿ ನಿಜಕ್ಕೂ ಕುಳಿತಿತೋ, ಇವರಿಗೆ ಹಾಗೆ ಕಂಡಿತೋ ಎಂಬ ಪ್ರಶ್ನೆಯೂ ಉಳಿಯುತ್ತದೆ. ನನ್ನ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಸರಿಯೇ. ಕಕ್ಷಿಗಾರನ ಚೀಲ ಬಿಚ್ಚುವುದು ಎರಡು ಸಂದರ್ಭದಲ್ಲೂ ಬಿಚ್ಚಿಯೇ ಬಿಚ್ಚುತ್ತಾರೆ.

ಆ ತರಬೇತಿ ಮೈದಾನದ ಕತೆ ಇನ್ನೂ ಮುಗಿದಿಲ್ಲ. ಇದನ್ನೆಲ್ಲ ಓದಿಕೊಂಡು ಹೋಗಿದ್ದ ನಾನು ತರಬೇತುದಾರರ ಬಳಿ ಒಂದು ಕೋರಿಕೆ ಇಟ್ಟೆ. ಪೆಟ್ಟಿಗೆಯಲ್ಲಿರುವ ಪೊಟ್ಟಣ ತೆಗೆದುಬಿಡಿ, ಹ್ಯಾಂಡ್ಲರ್‌ಗೆ ಹೇಳಬೇಡಿ. ಅವರು ನಕ್ಕು ಒಪ್ಪಿದರು, ದೊಡ್ಡ ಮನಸ್ಸು. ಲ್ಯಾಬ್ರಡಾರ್ ಆರು ತೂತುಗಳನ್ನೂ ಮೂಸಿ ಸಾಲಿನ ಕೊನೆಗೆ ಹೋಗಿ ನಿಂತು ಹ್ಯಾಂಡ್ಲರ್‌ನ ಮುಖ ನೋಡಿತು. ಅದರ ಕೆಲಸ ಮುಗಿದಿತ್ತು, ಉತ್ತರ ಸರಿಯಾಗಿತ್ತು. ಆದರೆ ಆತನಿಗೆ ಮಾಲು ಇದ್ದೇ ಇದೆ ಎಂಬ ನಂಬಿಕೆ. ನಾಯಿಯನ್ನು ಮತ್ತೆ ಮೊದಲಿಗೆ ಕರೆತಂದ. ಈ ಸಲ ಎರಡನೆಯ ಪೆಟ್ಟಿಗೆಯ ಬಳಿ, ನಾಯಿಯ ಮೂಗು ಅಲ್ಲಿ ಅರೆಕ್ಷಣ ಹೆಚ್ಚು ನಿಂತಿತೆಂದೋ ಏನೋ, ಆತನ ಕಾಲು ಅರ್ಧ ಹೆಜ್ಜೆ ನಿಧಾನವಾಯಿತು. ಹಗ್ಗ ಸಡಿಲಾಯಿತು. ನಾಯಿ ಒಮ್ಮೆ ಅವನನ್ನು ನೋಡಿತು, ಒಮ್ಮೆ ಪೆಟ್ಟಿಗೆಯನ್ನು ನೋಡಿತು. ಕುಳಿತುಬಿಟ್ಟಿತು. ಬೆನ್ನ ಹಿಂದಿನ ಕೈ ಟವೆಲು ಎಸೆಯಲು ಮುಂದೆ ಬಂದಾಗ ತರಬೇತುದಾರರು ಬೇಡವೆಂದು ತಲೆಯಾಡಿಸಿದರು. ಹ್ಯಾಂಡ್ಲರ್ ಕೆಟ್ಟವನಲ್ಲ, ಮೋಸಗಾರನಲ್ಲ. ಮುಖ ಕಪ್ಪಿಟ್ಟಿತು ಪಾಪ. ಆಮೇಲೆ ತರಬೇತುದಾರರು ನನಗೆ ಹೇಳಿದರು: "ಏನೂ ಇಲ್ಲ ಎಂದು ಹೇಳಿದರೆ ಅದಕ್ಕೆ ಸಿಗುವುದೂ ಏನೂ ಇಲ್ಲ ಸರ್. ಮತ್ತೆ ಅದು ಏಕೆ ಹೇಳೀತು?"

ಹಾಗೆಂದು ನಾಯಿಗಳು ಬರೀ ಕೋಲೆ ಬಸವ ಎಂದು ನೀವು ಇಲ್ಲಿಂದ ಹೊರಟರೆ ನನ್ನ ಮಾತು ಕೆಟ್ಟಿತು. ಪೋಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 164 ಪೊಲೀಸ್ ನಾಯಿಗಳು, ಸಾವಿರಕ್ಕೂ ಹೆಚ್ಚು ಪರೀಕ್ಷೆಗಳು. ನೂರಕ್ಕೆ 87.7 ಸರಿಯಾದ ಸೂಚನೆ, 5.3 ತಪ್ಪು ಸೂಚನೆ. ಮಾಲು ಪತ್ತೆಗೆ ಹಿಡಿದ ಸಮಯ ಸರಾಸರಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಗಾಂಜಾ ಸುಲಭ, ಹೆರಾಯಿನ್ ಕಷ್ಟ. ಕೋಣೆಯಲ್ಲಿ ಚೆನ್ನಾಗಿ ಮಾಡಿದ ನಾಯಿಗಳು ಕಾರಿನ ಬಳಿ ಸೋತವು, ಅಲ್ಲಿ ಸರಿ ಉತ್ತರ ನೂರಕ್ಕೆ 60ರ ಆಸುಪಾಸು. ನಮ್ಮ ನಾಯಿಗಳು ಹೆಚ್ಚಾಗಿ ಕೆಲಸ ಮಾಡುವುದು ಎಲ್ಲಿ? ಚೆಕ್‌ಪೋಸ್ಟಿನಲ್ಲಿ, ಡೀಸೆಲ್ ಹೊಗೆಯ ನಡುವೆ, ಮಧ್ಯಾಹ್ನದ ಬಿಸಿಲಿನಲ್ಲಿ. ನಾಲಿಗೆ ಹೊರಹಾಕಿ ಏದುಸಿರು ಬಿಡುವ ನಾಯಿ ಬಾಯಿಂದ ಉಸಿರಾಡುತ್ತಿರುತ್ತದೆ, ಮೂಗಿನಿಂದಲ್ಲ. ಏಪ್ರಿಲ್ ತಿಂಗಳಿನ ಕಲಬುರಗಿಯ ಹೆದ್ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ.

ಈಗ ಒಂದು ಲೆಕ್ಕ. ಕಾಗದ ಪೆನ್ನು ಇದ್ದವರು ತೆಗೆದುಕೊಳ್ಳಿ. ಒಂದು ರೈಲು ನಿಲ್ದಾಣದಲ್ಲಿ 1,000 ಜನ ನಾಯಿಯ ಮುಂದೆ ಹಾದುಹೋಗುತ್ತಾರೆ ಎನ್ನಿ. ಅವರಲ್ಲಿ 20 ಜನರ ಬಳಿ ಮಾಲಿದೆ. ನಮ್ಮ ನಾಯಿ ಜಾಣ: 20ರಲ್ಲಿ 18 ಜನರನ್ನು ಹಿಡಿಯುತ್ತದೆ. ತಪ್ಪು ಮಾಡುವುದು ನೂರಕ್ಕೆ ಐದೇ ಸಲ. ಉಳಿದ 980 ಜನರಲ್ಲಿ ನೂರಕ್ಕೆ ಐದೆಂದರೆ 49. ನಾಯಿ ಕುಳಿತದ್ದು ಒಟ್ಟು 67 ಜನರ ಎದುರು, ಮಾಲು ಸಿಕ್ಕಿದ್ದು 18 ಜನರ ಬಳಿ. ನೂರಕ್ಕೆ 27. ನಾಯಿ ಕೆಟ್ಟಿಲ್ಲ, ಹ್ಯಾಂಡ್ಲರ್ ಕೆಟ್ಟಿಲ್ಲ, ಆದರೂ ನಿಲ್ಲಿಸಿ ಜೇಬು ತಡವಿಸಿಕೊಂಡ ನಾಲ್ವರಲ್ಲಿ ಸುಮಾರು ಮೂವರು ನಿರಪರಾಧಿಗಳು. ಗುಂಪಿನಲ್ಲಿ ಮಾಲಿರುವವರು ಎಷ್ಟು ಕಡಿಮೆಯೋ ನಾಯಿಯ ಮಾತಿನ ತೂಕ ಅಷ್ಟು ಕಡಿಮೆ. ಇದು ಮೂಗಿನ ದೋಷವಲ್ಲ, ಮಗ್ಗಿಯ ಲೆಕ್ಕ.

ಈ ಸಂಖ್ಯೆಗಳನ್ನು ನಾನು ಲೆಕ್ಕದ ಸಲುವಾಗಿ ಹಿಡಿದುಕೊಂಡೆ. ಆದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದು ಜನರ ಮೇಲೇ ನಡೆಯಿತು. 2001ರಲ್ಲಿ ಅಲ್ಲಿ ಮಾದಕ ವಸ್ತು ಪತ್ತೆ ನಾಯಿಗಳಿಗೆಂದೇ ಒಂದು ಕಾಯ್ದೆ ಬಂತು. ನಿಲ್ದಾಣ, ಬಾರು, ಸಂಗೀತೋತ್ಸವಗಳಲ್ಲಿ ಜನರ ನಡುವೆ ನಾಯಿ ಬಿಡಲು ಅನುಮತಿ. ಆ ಕಾಯ್ದೆ ಮಾಡಿದವರಿಗೆ ಒಂದು ಒಳ್ಳೆಯ ಬುದ್ಧಿ ಹೊಳೆದಿತ್ತು: ಎರಡು ವರ್ಷ ಇದು ಹೇಗೆ ನಡೆಯುತ್ತದೆ ಎಂದು ಒಂಬುಡ್ಸ್‌ಮನ್, ಅಂದರೆ ನಮ್ಮ ಲೋಕಾಯುಕ್ತರಂಥ ಅಧಿಕಾರಿ, ಕುಳಿತು ಎಣಿಸಬೇಕು ಎಂದು ಕಾಯ್ದೆಯಲ್ಲೇ ಬರೆದರು. 2006ರಲ್ಲಿ ವರದಿ ಹೊರಬಂತು. ಎರಡು ವರ್ಷದಲ್ಲಿ ನಾಯಿಗಳು ಕೊಟ್ಟ ಸೂಚನೆ 10,211. ಮಾಲು ಸಿಕ್ಕಿದ್ದು ನೂರಕ್ಕೆ 26ರಲ್ಲಿ. ಸಿಕ್ಕಿದ್ದರಲ್ಲೂ ಬಹುಪಾಲು ಸ್ವಂತಕ್ಕೆ ಇಟ್ಟುಕೊಂಡ ಅಲ್ಪಸ್ವಲ್ಪ ಗಾಂಜಾ. ಮಾರಾಟಗಾರರೆಂದು ಶಿಕ್ಷೆಯಾದವರು 19 ಮಂದಿ. ನಾಯಿಗಳನ್ನು ತಂದದ್ದು ಮಾರಾಟಗಾರರನ್ನು ಹಿಡಿಯುತ್ತೇವೆ ಎಂದು ಹೇಳಿಕೊಂಡು.

ಮಾಲು ಸಿಗದ ಹಲವರು, ಹೌದು, ಗಾಂಜಾ ಸೇದುವವರ ಜೊತೆ ಕುಳಿತಿದ್ದೆ ಎಂದು ಒಪ್ಪಿಕೊಂಡರು ಎಂಬುದೂ ಆ ವರದಿಯಲ್ಲಿದೆ. ಅಂದರೆ ನಾಯಿ ವಾಸನೆಯ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ನ್ಯಾಯಮೂರ್ತಿ ಕೇಗನ್ ಇದನ್ನು ಕೇಳಿದರೆ ಖುಷಿಪಟ್ಟಾರು. ಆದರೆ ಸಿಗರೇಟು ಸೇದುವವರ ಪಕ್ಕ ಬಸ್ಸಿಗೆ ಕಾದು ನಿಂತವನ ಅಂಗಿಯೂ ನಾರುತ್ತದೆ. ಅವನ ಜೇಬಿಗೆ ಕೈ ಹಾಕಲು ಅದು ಕಾರಣವಾಗುತ್ತದೆಯೇ? ಇನ್ನೊಂದು ಕಹಿ ಸಂಗತಿಯೂ ಇದೆ. ಅಲ್ಲಿನ ಸಂಗೀತೋತ್ಸವಗಳಲ್ಲಿ ಸತ್ತ ಆರು ತರುಣ ತರುಣಿಯರ ಸಾವಿನ ವಿಚಾರಣೆ ನಡೆಸಿದ ಕೊರೋನರ್ ಹ್ಯಾರಿಯೆಟ್ ಗ್ರಹಾಂ 2019ರಲ್ಲಿ, ಇಂಥ ಉತ್ಸವಗಳಲ್ಲಿ ನಾಯಿಗಳ ಬಳಕೆಯನ್ನೇ ನಿಲ್ಲಿಸಿ ಎಂದು ಶಿಫಾರಸು ಮಾಡಿದರು. ಸತ್ತವರಲ್ಲಿ 19 ವರ್ಷದ ಒಬ್ಬ ಹುಡುಗಿ ಪೊಲೀಸರ ಕೈಗೆ ಸಿಕ್ಕಿಬೀಳುವ ಭಯಕ್ಕೆ ತನ್ನ ಬಳಿಯಿದ್ದ ಮಾತ್ರೆಗಳನ್ನು ಒಳಗೆ ಹೋಗುವ ಮೊದಲೇ ನುಂಗಿದ್ದಳು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ್ದು ಮಾತ್ರ ನಗೆಯ ಕತೆ. ಅಲ್ಲಿನ ಗಡಿ ಪಡೆಯ ನಾಯಿಗಳ ಬಗ್ಗೆ ಬ್ರಿಟನ್ನಿನ ಸ್ವತಂತ್ರ ಪರಿವೀಕ್ಷಕರ ವರದಿ 2016ರಲ್ಲಿ ಬಂದಾಗ ಪತ್ರಿಕೆಗಳಿಗೆ ಹಬ್ಬವಾಯಿತು. ಪರಿಶೀಲನೆಯ ತಿಂಗಳುಗಳಲ್ಲಿ ಹೆರಾಯಿನ್, ಕೊಕೇನ್‌ನಂಥ ಮೊದಲ ದರ್ಜೆಯ ಮಾದಕ ವಸ್ತು ಆ ನಾಯಿಗಳಿಂದ ಒಮ್ಮೆಯೂ ಸಿಕ್ಕಿರಲಿಲ್ಲ. ಆದರೆ ರಜೆ ಮುಗಿಸಿ ಬಂದವರ ಚೀಲದಲ್ಲಿದ್ದ ಚೀಸು ಮತ್ತು ಸಾಸೇಜು ಹಲವು ಸಲ ಸಿಕ್ಕಿತ್ತು. ನಿಷಿದ್ಧ ಆಹಾರ ಹುಡುಕಲು ಕಲಿತ ನಾಯಿಯೂ ಅಲ್ಲಿತ್ತು ಎಂಬುದನ್ನು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆಯಲಿಲ್ಲ.

ಹಾಗಾದರೆ ನಾಯಿ ಎಲ್ಲಿ ಬೇಕು? ಕೊಲಂಬಿಯಾದ ಸೋಂಬ್ರಾ ಎಂಬ ಜರ್ಮನ್ ಶೆಫರ್ಡ್ ನಾಯಿಯ ತಲೆಗೆ ಅಲ್ಲಿನ ಮಾದಕ ವಸ್ತುಗಳ್ಳರ ಗುಂಪೊಂದು ಬೆಲೆ ಕಟ್ಟಿತೆಂದು 2018ರಲ್ಲಿ ಪೊಲೀಸರು ಹೇಳಿದರು: 20 ಕೋಟಿ ಪೆಸೊ. ಬಂದರಿನಲ್ಲಿ ಯುರೋಪಿಗೆ ಹೊರಟ ಸರಕಿನೊಳಗಿನ ಕೊಕೇನನ್ನು ಟನ್‌ಗಟ್ಟಲೆ ಅದು ಹಿಡಿದುಕೊಟ್ಟಿತ್ತು. ನಾಯಿಯನ್ನು ರಾಜಧಾನಿಯ ವಿಮಾನ ನಿಲ್ದಾಣಕ್ಕೆ ವರ್ಗ ಮಾಡಿ ಹೆಚ್ಚಿನ ಕಾವಲು ಕೊಟ್ಟರು. ಕಳ್ಳರು ಕೊಟ್ಟ ಪ್ರಮಾಣಪತ್ರಕ್ಕಿಂತ ದೊಡ್ಡದು ಯಾವುದಿದೆ? ಬಂದರಿನ ಕಂಟೇನರು, ವಿದೇಶಿ ಅಂಚೆಯ ಪಾರ್ಸೆಲ್ಲು, ಗೋದಾಮಿನ ಮೂಟೆ, ಇವೆಲ್ಲ ನಾಯಿಯ ಜಾಗ. ಅಲ್ಲಿ ನಾಯಿ ತಪ್ಪಾಗಿ ಕುಳಿತರೆ ನಷ್ಟ ಹತ್ತು ನಿಮಿಷ ಮತ್ತು ಒಂದು ಗೇಣು ಟೇಪು. ಮೂಟೆಗೆ ಮಾನ ಹೋಗುವುದಿಲ್ಲ. ಮನುಷ್ಯರ ಸಾಲಿನಲ್ಲಿ ನಾಯಿ ನಿಲ್ಲಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ದೇಶದ ಕಾನೂನಿಗೆ ಬರೋಣ. ದಾವಣಗೆರೆ ಪೊಲೀಸರ ತುಂಗಾ ನಿಮಗೆಲ್ಲ ಗೊತ್ತು. 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿಯ ಜಾಡು ಹಿಡಿದ ಡಾಬರ್‌ಮನ್. ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಹೆಚ್ಚಾಗಿ ಇಂಥ ಜಾಡು ಹಿಡಿಯುವ ನಾಯಿಗಳೇ. 1969ರ ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣದಲ್ಲಿ, ನಾಯಿಯ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಎತ್ತುವ ಆಕ್ಷೇಪಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು. ನಾಯಿ ಕಟಕಟೆಗೆ ಬಂದು ಪ್ರಮಾಣ ಮಾಡಲಾರದು, ಪಾಟೀಸವಾಲಿಗೆ ನಿಲ್ಲಲಾರದು. ಅದರ ಪರವಾಗಿ ಜೊತೆಗಾರ ಬಂದು ಹೇಳಬೇಕು, ಅದೂ ಕೇಳಿದ ಮಾತಿನಂತೆಯೇ. ಮನುಷ್ಯನ ಪ್ರಾಣ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯ ಮೇಲೆ ನಿಲ್ಲಬಾರದು ಎಂಬುದೂ ಅದರಲ್ಲಿತ್ತು. 2001ರ ಗಾದೆ ಲಕ್ಷ್ಮೀ ಮಂಗರಾಜು ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಹತ್ತಿರ ಬಂತು: ತಪ್ಪು ನಾಯಿಯದೂ ಇರಬಹುದು, ಒಡೆಯನದೂ ಇರಬಹುದು, ನಾಯಿಯ ವರ್ತನೆಯಿಂದ ಒಡೆಯ ತಪ್ಪು ಅರ್ಥ ತೆಗೆಯುವುದೂ ಇರಬಹುದು. ಡೇವಿಸ್‌ನ ಪ್ರಯೋಗಕ್ಕಿಂತ ಹತ್ತು ವರ್ಷ ಮೊದಲು!

ಮಾದಕ ವಸ್ತು ನಾಯಿಗೆ ಈ ತೀರ್ಪುಗಳ ಬಿಸಿ ತಟ್ಟುವುದಿಲ್ಲ. ಅದು ಸಾಕ್ಷಿಯಲ್ಲ, ದಾರಿ ತೋರಿಸಿತು ಅಷ್ಟೇ. ಸಾಕ್ಷ್ಯವೆಂದರೆ ಜಪ್ತಿಯಾದ ಮಾಲು ಮತ್ತು ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ಸರಿ. ಆದರೆ ಮಾದಕ ವಸ್ತುಗಳಿಗೆಂದೇ ಇರುವ ಎನ್‌ಡಿಪಿಎಸ್ ಕಾಯ್ದೆಯ ತೂಕ ನೋಡಿ. ಮಾಲು ನಿಮ್ಮ ಸ್ವಾಧೀನದಲ್ಲಿ ಸಿಕ್ಕಿತೆಂದು ಸಾಬೀತಾದರೆ 35 ಮತ್ತು 54ನೆಯ ಕಲಂಗಳು ನಿಮ್ಮ ವಿರುದ್ಧ ಊಹೆ ಮಾಡಿಕೊಳ್ಳುತ್ತವೆ. ಗಾಂಜಾ 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, 37ನೆಯ ಕಲಂ ಜಾಮೀನಿನ ಬಾಗಿಲಿಗೆ ಬೀಗ ಹಾಕುತ್ತದೆ. ಇಷ್ಟು ಕಠಿಣವಾದ ಕಾಯ್ದೆಯಾದ್ದರಿಂದಲೇ ಮೈ ಶೋಧಕ್ಕೆ 50ನೆಯ ಕಲಮಿನ ಬೇಲಿ ಇದೆ: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ಮಾಡಿಸಿಕೊಳ್ಳುವ ಹಕ್ಕಿದೆ ಎಂದು ಆತನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಚೀಲಕ್ಕೆ ಆ ಬೇಲಿ ಇಲ್ಲ. ನಾಯಿ ಹೆಚ್ಚಾಗಿ ಮೂಸುವುದು ಚೀಲವನ್ನೇ.

ಇನ್ನೊಂದು ತೊಡಕು ನಮ್ಮ ಮನೆಯಂಗಳದ್ದು. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಕೊಡುತ್ತಾ, ಗಾಂಜಾ ಗಿಡದ ಎಲೆಯಿಂದ ಮಾಡುವ ಭಂಗಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಬಿಟ್ಟ ತುದಿ. ಬರೀ ಎಲೆ, ಬೀಜ ಅಲ್ಲ. ಎರಡೂ ಒಂದೇ ಗಿಡದವು. ನಾಯಿ ಕುಳಿತದ್ದು ಹೂವಿಗೋ ಎಲೆಗೋ? ಅಮೆರಿಕದ ಕೊಲರಾಡೊದಲ್ಲಿ ಗಾಂಜಾ ಕಾನೂನುಬದ್ಧವಾದಾಗ ಇದೇ ತಲೆನೋವು ಬಂತು. ಕಿಲೋ ಎಂಬ ಅಲ್ಲಿನ ನಾಯಿ ಐದು ವಾಸನೆ ಕಲಿತಿತ್ತು, ಗಾಂಜಾ ಅದರಲ್ಲೊಂದು. ಐದಕ್ಕೂ ಅದರ ಸೂಚನೆ ಒಂದೇ. ಕುಳಿತದ್ದು ಕಾನೂನುಬದ್ಧ ಗಾಂಜಾಕ್ಕೋ ನಿಷಿದ್ಧ ಮೆಥಾಂಫೆಟಮಿನ್‌ಗೋ ಎಂದು ಯಾರಿಗೂ ತಿಳಿಯದು. ಇಂಥ ನಾಯಿಯಿಂದ ಮೂಸಿಸುವುದೇ ಒಂದು ಶೋಧ, ಅದಕ್ಕೆ ಮೊದಲೇ ಸಕಾರಣ ಬೇಕು ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಕಾಯ್ದೆಗೆ ತಿದ್ದುಪಡಿ ಮಾಡಬಹುದು, ಮೂಗಿಗೆ ಮಾಡಲಾಗುವುದಿಲ್ಲ.

ನಮ್ಮಲ್ಲಿ ಎಣಿಸುವವರಿಲ್ಲ. ಮಾಲು ಸಿಕ್ಕರೆ ಮಹಜರು, ಸಿಗದಿದ್ದರೆ ಮಹಜರಿಲ್ಲ. ಖಾಲಿ ಕೈಯಲ್ಲಿ ಹಿಂದಿರುಗಿದ ನಾಯಿಗೆ ಎಫ್‌ಐಆರ್ ಇಲ್ಲ, ಕಡತವಿಲ್ಲ, ಪಂಚರಿಲ್ಲ. ಬಸ್ ನಿಲ್ದಾಣದಲ್ಲಿ ಬಟ್ಟೆಬರೆ ಹರವಿಸಿಕೊಂಡು, ಏನೂ ಇಲ್ಲ ಎಂದಾದ ಮೇಲೆ ಒಬ್ಬಂಟಿಯಾಗಿ ಚೀಲ ಕಟ್ಟಿಕೊಂಡವನು ನಮ್ಮ ಕಚೇರಿಗೆ ಬರುವುದಿಲ್ಲ. ಬಸ್ಸು ತಪ್ಪಿಹೋಗಿರುತ್ತದೆ, ಮುಂದಿನ ಬಸ್ಸು ಹಿಡಿದು ಊರಿಗೆ ಹೋಗುತ್ತಾನೆ. ಹಾಗಾಗಿ ನ್ಯಾಯಾಲಯದಲ್ಲಿ ನಮಗೆ ಕಾಣುವುದು ಗೆದ್ದ ನಾಯಿಗಳು ಮಾತ್ರ.

ಅದಕ್ಕೇ ನಾನು ಹೇಳುವುದು, ಹ್ಯಾಂಡ್ಲರ್‌ನನ್ನು ಸಾಕ್ಷಿ ಪಟ್ಟಿಯಲ್ಲಿ ಹಾಕದಿದ್ದರೆ ಏಕೆ ಹಾಕಿಲ್ಲ ಎಂದು ತನಿಖಾಧಿಕಾರಿಯನ್ನು ಕೇಳಿ. ಹಾಕಿದ್ದರೆ ಬೈಯಬೇಡಿ, ಗದರಿಸಬೇಡಿ. ಹೆಚ್ಚಿನವರು ನಾಯಿಯನ್ನು ಮಗುವಿನಂತೆ ಸಾಕುವವರು. ನಾಯಿಯನ್ನು ಹೀಯಾಳಿಸಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾಯಿಯ ಬಗ್ಗೆ ಪ್ರೀತಿಯಿಂದ ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ. ಒಂದು ಪ್ರಕರಣದಲ್ಲಿ ನಾನು ಹಾಗೆಯೇ ಕೇಳುತ್ತಾ ಹೋದೆ. ವಯಸ್ಸೆಷ್ಟು, ಏನು ತಿನ್ನುತ್ತದೆ, ಎಲ್ಲಿ ಕಲಿಯಿತು, ಅಭ್ಯಾಸದಲ್ಲಿ ಪೊಟ್ಟಣ ಅಡಗಿಸಿಡುವವರು ಯಾರು? "ನಾನೇ ಇಡುತ್ತೇನೆ ಸ್ವಾಮಿ" ಎಂದರು. ಏನೂ ಇಡದೆ ಎಂದಾದರೂ ನಡೆಸಿದ್ದೀರಾ ಎಂದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ನ್ಯಾಯಾಧೀಶರ ಕಡೆ ತಿರುಗಿ, "ಏನೂ ಇಲ್ಲದ ಪೆಟ್ಟಿಗೆಯಲ್ಲಿ ನಾಯಿ ಏನನ್ನು ಹುಡುಕಬೇಕು ಸ್ವಾಮಿ?" ಎಂದು ಕೇಳಿದರು. ನ್ಯಾಯಾಧೀಶರು ನಕ್ಕರು, ಸರ್ಕಾರಿ ಅಭಿಯೋಜಕರೂ ನಕ್ಕರು, ನಾನೂ ನಕ್ಕೆ. ಆಮೇಲೆ ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು: "ನಾಯಿಯನ್ನು ಖಾಲಿ ಪೆಟ್ಟಿಗೆಗಳ ಮುಂದೆ ಎಂದೂ ಪರೀಕ್ಷಿಸಿಲ್ಲ ಎಂದರೆ ಸರಿ."